ಒಂದು ಗುಂಟೆಗೆ ಒಂದು ಚುಕ್ಕಿ

33 ಅಡಿ ಉದ್ದ, 33 ಅಡಿ ಅಗಲ ಅಳೆದರೆ ಒಂದು ಗುಂಟೆ. ಅಂಥ 40 ಸೇರಿದರೆ ಎಕರೆ. ರಾಯಚೂರು ಸೀಮೆಯಲ್ಲಿ ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವಾಗ ಎಕರೆಗಳ ಪಾಲು ಬೇಗ ಮುಗಿಯುತ್ತದೆ, ಮಾತು ಬಿಗಿಯಾಗುವುದು ಈ ಗುಂಟೆಗಳಿಗೆ ಬಂದಾಗ. ಮೀಟರ್ ಲೆಕ್ಕಕ್ಕೆ ತಂದರೆ ಗುಂಟೆ ಎಂದರೆ 101 ಚದರ ಮೀಟರ್. ನೆಲದಿಂದ 786 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ತೆಗೆಯುವ ಚಿತ್ರದಲ್ಲಿ ಒಂದು ಚುಕ್ಕಿ, ಅಂದರೆ ಒಂದು ಪಿಕ್ಸೆಲ್, ನೆಲದ ಮೇಲೆ ಆವರಿಸುವುದು 10 ಮೀಟರಿಗೆ 10 ಮೀಟರ್, ಒಟ್ಟು 100 ಚದರ ಮೀಟರ್. ನಮ್ಮ ಭೂಮಾಪಕರ ಸರಪಳಿಗೂ ಆ ಉಪಗ್ರಹದ ಕಣ್ಣಿಗೂ ಇರುವ ಅಂತರ ನೂರಕ್ಕೆ ಒಂದು. ಯಾರೂ ಯಾರನ್ನೂ ಕೇಳಿ ಮಾಡಿದ್ದಲ್ಲ, ಸುಮ್ಮನೆ ಕೂಡಿಬಂದದ್ದು.

ಕೂಡಿಬಂದದ್ದರಿಂದ ಲೆಕ್ಕ ಸಲೀಸಾಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟು ಸುಮಾರು 6 ಲಕ್ಷ ಎಕರೆ. ಅಂದರೆ 2 ಕೋಟಿ 40 ಲಕ್ಷ ಗುಂಟೆ, ಅಷ್ಟೇ ಚುಕ್ಕಿ. ಕೃಷ್ಣಾ ಕಣಿವೆ ಇಡಿಯಾಗಿ 2,58,948 ಚದರ ಕಿಲೋಮೀಟರ್. ಮಹಾಬಲೇಶ್ವರದಿಂದ ಹಂಸಲದೀವಿಯ ಕಡಲಂಚಿನವರೆಗೆ, ಬೆಟ್ಟ, ಬಯಲು, ಊರು, ಕೇರಿ, ಕಬ್ಬಿನ ಗದ್ದೆ, ಕಲ್ಲುಗುಡ್ಡ ಎಲ್ಲ ಸೇರಿ 259 ಕೋಟಿ ಚುಕ್ಕಿ. ಈ 259 ಕೋಟಿಯಲ್ಲಿ ಒಂದೊಂದನ್ನೂ ಉಪಗ್ರಹಗಳ ಜೋಡಿ ಐದು ದಿನಕ್ಕೊಮ್ಮೆ ನೋಡಿಕೊಂಡು ಹೋಗುತ್ತದೆ. ಮುಂಗಾರಿನ ನಾಲ್ಕು ತಿಂಗಳಲ್ಲಿ 24 ಸಲ. ಯಾವ ಗ್ರಾಮ ಲೆಕ್ಕಾಧಿಕಾರಿಯೂ ಒಂದೇ ಹಂಗಾಮಿನಲ್ಲಿ ಒಂದೇ ಹೊಲದ ಬದುವಿನ ಮೇಲೆ ಇಪ್ಪತ್ತನಾಲ್ಕು ಸಲ ನಿಂತ ದಾಖಲೆ ನಮ್ಮಲ್ಲಿ ಇರಲಾರದು.

ರಾಯಚೂರಿನಿಂದ ಮಂತ್ರಾಲಯದ ಬಸ್ಸು ಹತ್ತಿದವರಿಗೆ ಗಿಲ್ಲೆಸುಗೂರು ಗೊತ್ತು. ದಕ್ಷಿಣಕ್ಕೆ ತುಂಗಭದ್ರೆ. ಹೊಳೆಯ ಆಚೆ ದಂಡೆ ಆಂಧ್ರಪ್ರದೇಶ. ಪೂರ್ವಕ್ಕೆ ಸರಿದರೆ ತೆಲಂಗಾಣ. ಉತ್ತರಕ್ಕೆ ದೇವದುರ್ಗದ ಮಗ್ಗುಲಲ್ಲಿ ಕೃಷ್ಣೆ ಹರಿಯುತ್ತಾಳೆ. ಎರಡು ಹೊಳೆಗಳ ನಡುವಿನ ಈ ಎಡೆದೊರೆ ನಾಡಿಗಾಗಿ 1520ರಲ್ಲಿ ಕೃಷ್ಣದೇವರಾಯನೂ ಇಸ್ಮಾಯಿಲ್ ಆದಿಲ್ ಶಹನೂ ದಂಡು ಕಟ್ಟಿ ಕಾದಿದರು. ಈಗಿನ ಕಾದಾಟ ಕ್ಯೂಸೆಕ್ಕುಗಳದು, ನಡೆಯುವುದು ಕಾಲುವೆಯ ಗೇಜಿನ ಬಳಿ. ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟಿನಿಂದ ಹೊರಟ ಎಡದಂಡೆ ಕಾಲುವೆ 141 ಮೈಲಿ, ಅಂದರೆ 227 ಕಿಲೋಮೀಟರ್ ನಡೆದು, ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ, ರಾಯಚೂರು ತಾಲ್ಲೂಕಿನಲ್ಲಿ ಮುಗಿಯುತ್ತದೆ. ಕೊನೆ ಭಾಗದ ರೈತರು ಎಂಬ ಹೆಸರು ಈ ತಾಲ್ಲೂಕಿನವರಿಗೆ ಅಂಟಿ ಅರ್ಧ ಶತಮಾನ ಮೀರಿತು. 69ನೇ ಮೈಲಿಯಲ್ಲಿ ಎಷ್ಟು ಗೇಜ್ ಇದೆ, 104ನೇ ಮೈಲಿಯಲ್ಲಿ ಎಷ್ಟು ಎಂಬುದು ಇಲ್ಲಿ ಮಳೆ ಬಂತೇ ಎಂದು ಕೇಳಿದಷ್ಟೇ ಸಹಜವಾದ ವಿಚಾರಣೆ.

ಇದರ ಜೊತೆಗೆ ಇನ್ನೊಂದು ಕಾಲುವೆ. ಮಾನ್ವಿ ತಾಲ್ಲೂಕಿನ ರಾಜೋಳಿಬಂಡಾದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದ ಹೊರಡುವ ಕಾಲುವೆ 143 ಕಿಲೋಮೀಟರ್ ಉದ್ದ. ಮೊದಲ 42 ಚಿಲ್ಲರೆ ಕಿಲೋಮೀಟರ್ ಕರ್ನಾಟಕದಲ್ಲಿ, ಉಳಿದದ್ದು ತೆಲಂಗಾಣದ ಗದ್ವಾಲ ಸೀಮೆಯಲ್ಲಿ. ನಮ್ಮ ಕಡೆ ಅದು ನೀರುಣಿಸಬೇಕಾದದ್ದು 5,879 ಎಕರೆ, ಅವರ ಕಡೆ 87,500. ನಮ್ಮ ಪಾಲು 1.2 ಟಿಎಂಸಿ ಅಡಿ, ಅವರದು 15.9, ಒಟ್ಟು 17.1. ಆ 15.9ರಲ್ಲಿ ಅರ್ಧವೂ ತಮಗೆ ತಲುಪುವುದಿಲ್ಲ ಎಂಬುದು ತೆಲಂಗಾಣದ ಹಳೆಯ ದೂರು. 2003ರಲ್ಲಿ ಕೆ. ಚಂದ್ರಶೇಖರ ರಾವ್ ಇದೇ ದೂರನ್ನು ಹೊತ್ತು ಅಲಂಪುರದಿಂದ ಗದ್ವಾಲಕ್ಕೆ ಪಾದಯಾತ್ರೆ ಮಾಡಿದ್ದರು. ಗಿಲ್ಲೆಸುಗೂರಿನ ಸುತ್ತಿನಲ್ಲಿ ನಿಂತು ನೋಡಿದರೆ ನಾವು ಮೇಲಿನವರಿಗೆ ಕೆಳಭಾಗ, ಕೆಳಗಿನವರಿಗೆ ಮೇಲ್ಭಾಗ. ಮುನಿರಾಬಾದಿನ ಕಡೆ ಬೆರಳು ತೋರಿಸಿ ನಾವು ಆಡುವ ಮಾತನ್ನೇ ಗದ್ವಾಲದವರು ನಮ್ಮ ಕಡೆ ಬೆರಳು ತೋರಿಸಿ ಆಡುತ್ತಾರೆ.

ಈ ಮಾತುಗಳಿಗೆಲ್ಲ ಮೂಲವಾದ ಸಂಖ್ಯೆ 2,060. ನ್ಯಾಯಮೂರ್ತಿ ಆರ್.ಎಸ್. ಬಚಾವತ್ ಅವರ ನ್ಯಾಯಮಂಡಳಿ 1973ರಲ್ಲಿ ಕೊಟ್ಟ ತೀರ್ಪಿನಲ್ಲಿ, ನಾಲ್ಕು ವರ್ಷದಲ್ಲಿ ಮೂರು ವರ್ಷ ಖಾತ್ರಿಯಾಗಿ ಕೃಷ್ಣೆಯಲ್ಲಿ ಸಿಗುವ ನೀರು ಇಷ್ಟು ಟಿಎಂಸಿ ಅಡಿ ಎಂದು ಗೊತ್ತುಮಾಡಿ, ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ತೆಲಂಗಾಣವೂ ಸೇರಿದ್ದ ಆಗಿನ ಆಂಧ್ರಕ್ಕೆ 800 ಎಂದು ಹಂಚಿತು. ಆ 2,060 ಬಂದದ್ದು ಎಲ್ಲಿಂದ? ವಿಜಯವಾಡದಲ್ಲಿ 1894ರಿಂದ 1972ರವರೆಗಿನ ಹರಿವಿನ ಲೆಕ್ಕದಿಂದ. 78 ವರ್ಷ, ವರ್ಷಕ್ಕೊಂದರಂತೆ 78 ಸಂಖ್ಯೆ, ಇಡೀ ಕಣಿವೆಗೆ ಒಂದು ಅಳತೆಯ ಜಾಗ. ಆ ಕಾಲಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಇರಲಿಲ್ಲ, ಅದನ್ನು ಅಷ್ಟು ವರ್ಷ ಬಿಡದೆ ಬರೆದಿಟ್ಟವರ ಶ್ರದ್ಧೆಗೆ ನಮಸ್ಕಾರ. ಆದರೆ ಮೂರು ರಾಜ್ಯಗಳ ಪಾಲು ನಿಂತದ್ದು 78 ಸಂಖ್ಯೆಗಳ ಮೇಲೆ. ಇವತ್ತು ಐದು ದಿನಕ್ಕೆ 259 ಕೋಟಿ ಸಂಖ್ಯೆ ಬಂದು ಬೀಳುತ್ತಿವೆ.

ಟಿಎಂಸಿ ಎಂಬುದನ್ನು ಪತ್ರಿಕೆಯಲ್ಲಿ ದಿನಾ ಓದುತ್ತೇವೆ, ಅದರ ಗಾತ್ರ ಮನಸ್ಸಿಗೆ ಇಳಿಯುವುದು ಕಷ್ಟ. ನೂರು ಕೋಟಿ ಘನ ಅಡಿ. ತೂಕದಲ್ಲಿ 2 ಕೋಟಿ 83 ಲಕ್ಷ ಟನ್. ಎಡದಂಡೆ ಕಾಲುವೆ ತನ್ನ 4,100 ಕ್ಯೂಸೆಕ್, ಅಂದರೆ ಸೆಕೆಂಡಿಗೆ ಅಷ್ಟು ಘನ ಅಡಿ, ತುಂಬಿಕೊಂಡು ಹಗಲೂ ರಾತ್ರಿ ಹರಿದರೆ ಒಂದು ಟಿಎಂಸಿ ಸಾಗಿಸಲು ಮೂರು ದಿನಕ್ಕೆ ಸ್ವಲ್ಪ ಕಡಿಮೆ ಬೇಕು. ಹೊಲದ ಮೇಲೆ ಒಂದು ಅಡಿ ಆಳಕ್ಕೆ ನಿಲ್ಲಿಸಿದರೆ 22,957 ಎಕರೆ. ಭತ್ತದ ಗದ್ದೆ ಒಂದು ಹಂಗಾಮಿಗೆ ನಾಲ್ಕು ಅಡಿ ಕುಡಿಯುತ್ತದೆ ಎಂದಿಟ್ಟುಕೊಂಡರೆ ಒಂದು ಟಿಎಂಸಿಯಲ್ಲಿ 5,740 ಎಕರೆ. ಒಂದೂವರೆ ಅಡಿ ಸಾಕಾಗುವ ಜೋಳವಾದರೆ 15,300 ಎಕರೆ. ಯೋಜನೆ ಹಾಕಿದವರು ಈ ಕಪ್ಪು ನೆಲಕ್ಕೆ ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಮಿತ ನೀರಿನ ಬೆಳೆಗಳನ್ನೇ ಗೊತ್ತುಮಾಡಿದ್ದರು, ಭತ್ತಕ್ಕೆ ಇಟ್ಟದ್ದು ಸಣ್ಣ ಪಾಲು. ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಪೀಟರ್ ಮೊಲಿಂಗಾ ಎಂಬ ಡಚ್ ವಿದ್ವಾಂಸರು ಈ ಒಂದು ಕಾಲುವೆಯ ನೀರು ಹಂಚಿಕೆಯ ರಾಜಕೀಯದ ಮೇಲೆಯೇ ದಪ್ಪ ಗ್ರಂಥ ಬರೆದಿದ್ದಾರೆ.

ಈಗ ಅಣೆಕಟ್ಟಿಗೆ ಬರೋಣ. 1953ರಲ್ಲಿ ತುಂಗಭದ್ರಾ ಜಲಾಶಯ ಹಿಡಿಯುತ್ತಿದ್ದದ್ದು 132.47 ಟಿಎಂಸಿ. 2016ರ ಸಮೀಕ್ಷೆಯ ಪ್ರಕಾರ 105.788. ನಡುವಿನ 26.7 ಟಿಎಂಸಿಯ ಜಾಗದಲ್ಲಿ ಹೂಳು ಕೂತಿದೆ: 75 ಕೋಟಿ 60 ಲಕ್ಷ ಘನ ಮೀಟರ್. ಹತ್ತು ಘನ ಮೀಟರ್ ಹಿಡಿಯುವ ಟಿಪ್ಪರಿನಲ್ಲಿ ತುಂಬಿ ಸಾಗಿಸುವುದಾದರೆ ಏಳೂವರೆ ಕೋಟಿ ಲೋಡು. ನಿಮಿಷಕ್ಕೊಂದು ಟಿಪ್ಪರ್, ಹಗಲು ರಾತ್ರಿ, ಹಬ್ಬ ಹುಣ್ಣಿಮೆ ಬಿಡದೆ ಹೊರಟರೂ 144 ವರ್ಷ. ಅಷ್ಟರಲ್ಲಿ ಹೊಸ ಹೂಳು ಬಂದು ಕೂತಿರುತ್ತದೆ, ಮತ್ತು ತೆಗೆದದ್ದನ್ನು ಎಲ್ಲಿ ಸುರಿಯುವುದು ಎಂದು ಯಾರೂ ಹೇಳಿಲ್ಲ. ಹೂಳೆತ್ತುತ್ತೇವೆ ಎಂದು ಚುನಾವಣೆಗೆ ಮುಂಚೆ ಭಾಷಣ ಮಾಡುವವರಿಗೆ ಈ ಗುಣಾಕಾರ ಒಮ್ಮೆ ಮಾಡಿಸಿದರೆ ಒಳ್ಳೆಯದು. ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಮಾತು ಎದ್ದದ್ದು ಇದೇ ಕಾರಣಕ್ಕೆ.

ನೀರಿನಡಿಯ ಹೂಳನ್ನು ಮೇಲಿನಿಂದ ನೋಡುವುದು ಹೇಗೆ? ಉಪಾಯ ಸರಳ. ಜಲಾಶಯ ಒಂದೇ ವರ್ಷದಲ್ಲಿ ತುಂಬುತ್ತದೆ, ಖಾಲಿಯಾಗುತ್ತದೆ. ಉಪಗ್ರಹ ಹಾದುಹೋದ ಪ್ರತಿ ದಿನದ ಚಿತ್ರದಲ್ಲಿ ನೀರು ಹರಡಿದ ವಿಸ್ತೀರ್ಣವನ್ನು ಚುಕ್ಕಿ ಎಣಿಸಿ ತೆಗೆಯುವುದು, ಅದೇ ದಿನ ಅಣೆಕಟ್ಟಿನ ಗೇಜಿನಲ್ಲಿ ನೀರಿನ ಮಟ್ಟ ಎಷ್ಟಿತ್ತೆಂದು ನೋಡಿಕೊಳ್ಳುವುದು. ಎರಡು ಮಟ್ಟ, ಎರಡು ವಿಸ್ತೀರ್ಣ ಸಿಕ್ಕರೆ ನಡುವಿನ ಪದರದ ಗಾತ್ರ ಹೈಸ್ಕೂಲಿನ ಗಣಿತ. ಪದರಗಳನ್ನು ಒಂದರ ಮೇಲೊಂದು ಕೂಡಿಸಿದರೆ ಈಗಿನ ಹೊಟ್ಟೆಯ ಅಳತೆ ಸಿಗುತ್ತದೆ. ಹಳೆಯದರಲ್ಲಿ ಕಳೆದರೆ ಉಳಿಯುವುದು ಹೂಳು. ಕೇಂದ್ರ ಜಲ ಆಯೋಗ ದೇಶದ ಅನೇಕ ಜಲಾಶಯಗಳಿಗೆ ಈ ಲೆಕ್ಕ ಮಾಡಿಸಿದೆ. ಕೊರತೆಯೂ ಇದೆ: ಬೇಸಿಗೆಯಲ್ಲೂ ಬತ್ತದ ತಳದ ನೀರಿನ ಕೆಳಗೆ ಏನಾಗಿದೆ ಎಂಬುದು ಚಿತ್ರಕ್ಕೆ ಕಾಣದು. ಅಲ್ಲಿಗೆ ದೋಣಿ ಹಾಕಿ ಶಬ್ದತರಂಗದಿಂದಲೇ ಅಳೆಯಬೇಕು.

ಅಳತೆಯ ವಿಧಾನ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ತುಂಗಭದ್ರೆಗಿಂತ ಒಳ್ಳೆಯ ಉದಾಹರಣೆ ಬೇಡ. 2008ರ ಸಮೀಕ್ಷೆ ಜಲಾಶಯದ ಸಾಮರ್ಥ್ಯ 100.855 ಟಿಎಂಸಿ ಎಂದಿತ್ತು. ಎಂಟು ವರ್ಷದ ಬಳಿಕ ಅದು 105.788. ಹೂಳು ತಾನಾಗಿ ಎದ್ದು ಹೋಗಲಿಲ್ಲ, ಅಳೆದವರ ಕೈ ಬದಲಾಯಿತು. ಕಾಗದದ ಮೇಲೆ ಹುಟ್ಟಿದ ಆ 4.93 ಟಿಎಂಸಿ ಎಂದರೆ 28,000 ಎಕರೆ ಭತ್ತ, ರಾಜೋಳಿಬಂಡಾ ಕಾಲುವೆಯಲ್ಲಿ ಕರ್ನಾಟಕಕ್ಕಿರುವ ಪಾಲಿನ ನಾಲ್ಕು ಪಟ್ಟು.

ಜಲಾಶಯ ತುಂಬಿ 1,633 ಅಡಿ ಮುಟ್ಟಿದಾಗ ಮೇಲಿನ ಒಂದು ಅಡಿಯಲ್ಲೇ ಸುಮಾರು 3.7 ಟಿಎಂಸಿ ನೀರಿರುತ್ತದೆ. ಒಂದು ಇಂಚು ಎಂದರೆ ಎಡದಂಡೆ ಕಾಲುವೆಯ ಇಪ್ಪತ್ತೊಂದು ಗಂಟೆಯ ತುಂಬು ಹರಿವು. 2022ರ ಡಿಸೆಂಬರಿನಲ್ಲಿ ಅಮೆರಿಕ ಮತ್ತು ಫ್ರಾನ್ಸ್ ಸೇರಿ ಹಾರಿಸಿದ ಸ್ವಾಟ್ ಉಪಗ್ರಹ, 890 ಕಿಲೋಮೀಟರ್ ಎತ್ತರದಿಂದ, ಕೆರೆ, ಜಲಾಶಯಗಳ ಮಟ್ಟವನ್ನೂ 10 ಸೆಂಟಿಮೀಟರಿನ ಆಸುಪಾಸಿಗೆ ಅಳೆಯಲೆಂದು ಹುಟ್ಟಿದ್ದು. 890 ಕಿಲೋಮೀಟರಿನಲ್ಲಿ 10 ಸೆಂಟಿಮೀಟರ್ ಎಂದರೆ ಸುಮಾರು 90 ಲಕ್ಷದಲ್ಲಿ ಒಂದು. ಕೈಮುಗಿಯಬೇಕಾದ ಜಾಣ್ಮೆ. ಆದರೆ ತುಂಬಿದ ತುಂಗಭದ್ರೆಯ ಮೇಲೆ 10 ಸೆಂಟಿಮೀಟರ್ ತಪ್ಪಿದರೆ ತಪ್ಪುವ ನೀರು 1.2 ಟಿಎಂಸಿ. ಸರಿಯಾಗಿ ನಮ್ಮ ರಾಜೋಳಿಬಂಡಾ ಪಾಲು! ಪಾಯಿಂಟಿನ ನಂತರದ ಅಂಕಿಗಾಗಿ ಜಗಳವಾಡುವ ಮೂರು ರಾಜ್ಯಗಳಿಗೆ ಉಪಗ್ರಹವೊಂದೇ ತೀರ್ಪು ಕೊಡುತ್ತದೆ ಎಂದು ನಂಬುವವರು ಇದನ್ನು ನೆನಪಿಡಬೇಕು.

ಬಚಾವತ್ ತೀರ್ಪಿನಲ್ಲಿ ತುಂಗಭದ್ರಾ ಜಲಾಶಯದ ಹೆಸರಿಗೆ ಬರೆದದ್ದು 230 ಟಿಎಂಸಿ. ಅದರಲ್ಲಿ ಯಾವ ರಾಜ್ಯದ ಹೊಲಕ್ಕೂ ಹೋಗದ 18 ಟಿಎಂಸಿ ಇದೆ. ಅದು ಆವಿಯ ಪಾಲು. ಎರಡು ಸೀಮೆಯ 93,000 ಎಕರೆಗೆ ನೀರುಣಿಸಬೇಕಾದ ರಾಜೋಳಿಬಂಡಾಕ್ಕೆ 17.1, ಬಿಸಿಲಿಗೆ 18. ಪಾಲುದಾರರ ಪಟ್ಟಿಯಲ್ಲಿ ಸೂರ್ಯನಿಗೂ ಒಂದು ಸಾಲು ಬರೆದ ನ್ಯಾಯಮಂಡಳಿಯ ಪ್ರಾಮಾಣಿಕತೆ ದೊಡ್ಡದು.

ಬಿಸಿಲು ಈ ನೀರನ್ನು ಒಯ್ಯಲು ಎಷ್ಟು ಶ್ರಮಪಡುತ್ತದೆ ಎಂದು ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಬೇಕಾದ ಶಾಖ ಸುಮಾರು 24 ಲಕ್ಷ 50 ಸಾವಿರ ಜೂಲ್. ಒಂದು ಟಿಎಂಸಿಗೆ ಗುಣಿಸಿ, ಕರೆಂಟಿನ ಯೂನಿಟ್ಟಿಗೆ ಇಳಿಸಿದರೆ 1,927 ಕೋಟಿ ಯೂನಿಟ್. ಶಕ್ತಿನಗರದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಎಂಟೂ ಘಟಕ, 1,720 ಮೆಗಾವಾಟ್, ಒಂದು ಕ್ಷಣವೂ ನಿಲ್ಲದೆ ಪೂರ್ತಿ ಬಲದಲ್ಲಿ ವರ್ಷವಿಡೀ ಓಡಿದರೆ ಬರುವುದು 1,507 ಕೋಟಿ ಯೂನಿಟ್. ಅಂದರೆ ಕೇವಲ ಒಂದು ಟಿಎಂಸಿ ನೀರನ್ನು ಆವಿ ಮಾಡಲು ಶಕ್ತಿನಗರ ಹದಿನೈದು ತಿಂಗಳು ಉರಿಯಬೇಕು. ಆ 18 ಟಿಎಂಸಿಗೆ 23 ವರ್ಷ. ಬಿಸಿಲು ಇದನ್ನು ಪ್ರತಿ ವರ್ಷ, ಒಂದು ಜಲಾಶಯದ ಮೇಲೆ, ಕಲ್ಲಿದ್ದಲಿನ ಒಂದು ವ್ಯಾಗನ್ನೂ ಇಲ್ಲದೆ ಮಾಡಿ ಮುಗಿಸುತ್ತದೆ.

ಈ ಶಾಖದ ಲೆಕ್ಕದಲ್ಲೇ ಹಂಚಿಕೆಯ ಕಣಿವೆಗಳಿಗೆ ಉಪಗ್ರಹ ಕೊಡುವ ನಿಜವಾದ ಹೊಸ ಕಣ್ಣು ಇದೆ. ಬಿಸಿಲಿನ ಶಾಖ ಹೊಲದ ಮೇಲೆ ಬಿದ್ದಾಗ ಎರಡು ದಾರಿ: ನೀರಿದ್ದರೆ ಬಹುಪಾಲು ಆವಿ ಮಾಡುವುದಕ್ಕೆ ಖರ್ಚು, ನೆಲ ತಂಪು. ನೀರಿಲ್ಲದಿದ್ದರೆ ನೆಲ ಕಾಯುತ್ತದೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳು ನೆಲದ ಈ ಉಷ್ಣತೆಯನ್ನು ಓದುತ್ತವೆ. ಹಸಿರು, ಬಿಸಿಲು, ಗಾಳಿಯ ಲೆಕ್ಕ ಜೊತೆಗೂಡಿಸಿ, ಶಾಖ ಎಷ್ಟು ಖರ್ಚಾಯಿತು, ಆದ್ದರಿಂದ ಆ ತುಂಡು ನೆಲ ಎಷ್ಟು ಮಿಲಿಮೀಟರ್ ನೀರು ಕುಡಿದು ಆಕಾಶಕ್ಕೆ ಬಿಟ್ಟಿತು ಎಂದು ತೆಗೆಯುತ್ತಾರೆ. ವಿಮ್ ಬಾಸ್ಟಿಯಾನ್ಸೆನ್ ಎಂಬ ಡಚ್ ವಿಜ್ಞಾನಿ 1990ರ ದಶಕದಲ್ಲಿ ರೂಪಿಸಿದ ಸೆಬಾಲ್ ವಿಧಾನ ಈ ಬಗೆಯದು. ಅಮೆರಿಕದ ಪಶ್ಚಿಮದ 17 ರಾಜ್ಯಗಳ ಹೊಲಹೊಲದ ಇಂಥ ಲೆಕ್ಕ 2021ರಿಂದ ಓಪನ್‌ಇಟಿ ಎಂಬ ಹೆಸರಲ್ಲಿ ಯಾರು ಬೇಕಾದರೂ ನೋಡುವಂತೆ ಬಿಚ್ಚಿಟ್ಟಿದ್ದಾರೆ.

ಗೇಜ್ ಹೇಳುವುದು ಎಷ್ಟು ನೀರು ಬಿಟ್ಟೆವು ಎಂಬುದನ್ನು. ಈ ಲೆಕ್ಕ ಹೇಳುವುದು ಎಷ್ಟು ನೀರು ಯಾವ ಹೊಲದಲ್ಲಿ ಮುಗಿಯಿತು ಎಂಬುದನ್ನು. ಎರಡರ ನಡುವೆ ಬಹಳ ದೂರವಿದೆ. ಮೇಲ್ಭಾಗದ ಗದ್ದೆಯಿಂದ ಬಸಿದ ನೀರು ಹಳ್ಳ ಸೇರಿ ಮತ್ತೆ ಹೊಳೆಗೆ ಬಂದು ಕೆಳಗಿನವನಿಗೆ ಸಿಗುತ್ತದೆ, ಆವಿಯಾದದ್ದು ಆ ವರ್ಷಕ್ಕೆ ಯಾರಿಗೂ ಸಿಗದು. ಮುನಿರಾಬಾದಿನಲ್ಲಿ 4,000 ಕ್ಯೂಸೆಕ್ ಬಿಟ್ಟೆವು ಎಂಬ ಉತ್ತರದ ಮುಂದೆ ಕೊನೆ ಭಾಗದವನು ಇಷ್ಟು ದಿನ ಬಾಯಿಕಟ್ಟಿ ಕೂರಬೇಕಿತ್ತು. ಅನಧಿಕೃತ ತೂಬು, ಕಾಲುವೆ ದಂಡೆಯ ಪಂಪು, ರಾತ್ರಿ ಇಳಿಬಿಟ್ಟ ಪೈಪು ಯಾವುದೂ ಉಪಗ್ರಹಕ್ಕೆ ಕಾಣದೆ ಇರಬಹುದು. ಆ ಪೈಪಿನ ನೀರಿನಿಂದ ಬೆಳೆದ ಭತ್ತವನ್ನು ಮುಚ್ಚಿಡಲು ಆಗುವುದಿಲ್ಲ.

ಇದು ಕನಸಿನ ಮಾತಲ್ಲ, ಇದೇ ಹೊಳೆಯ ತಲೆಯಲ್ಲಿ ಮೂವತ್ತು ವರ್ಷದ ಹಿಂದೆಯೇ ಮಾಡಿ ನೋಡಿದ್ದಾರೆ. ಭದ್ರಾ ಅಚ್ಚುಕಟ್ಟಿನಲ್ಲಿ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಸಂಸ್ಥೆಯವರು ಉಪಗ್ರಹ ಚಿತ್ರಗಳಿಂದ ಭತ್ತದ ವಿಸ್ತೀರ್ಣವನ್ನೂ ಇಳುವರಿಯನ್ನೂ ಉಪಕಾಲುವೆವಾರು ತೆಗೆದು, ಮೇಲ್ಭಾಗಕ್ಕೂ ಕೊನೆ ಭಾಗಕ್ಕೂ ಇರುವ ವ್ಯತ್ಯಾಸವನ್ನು ನಕ್ಷೆಯಲ್ಲಿ ಬಿಡಿಸಿದರು. ತಿರುವೆಂಗಡಾಚಾರಿ ಮತ್ತು ಶಕ್ತಿವಡಿವೇಲ್ ಅವರ ಆ ವರದಿಯನ್ನು ಕೊಲಂಬೋದ ಅಂತರರಾಷ್ಟ್ರೀಯ ನೀರಾವರಿ ನಿರ್ವಹಣಾ ಸಂಸ್ಥೆ 1997ರಲ್ಲಿ ಪ್ರಕಟಿಸಿತು. 1988ರ ಮಾರ್ಚ್ 17ರಂದು ಬೈಕನೂರಿನಿಂದ ಹಾರಿದ ನಮ್ಮ ಐಆರ್‌ಎಸ್-1ಎ ಉಪಗ್ರಹದ ಸೂಕ್ಷ್ಮ ಕ್ಯಾಮೆರಾದ ಒಂದು ಚುಕ್ಕಿಯಲ್ಲಿ ಅಂದು 13 ಗುಂಟೆ ಹಿಡಿಯುತ್ತಿತ್ತು, ಮತ್ತೊಂದು ಕ್ಯಾಮೆರಾದಲ್ಲಿ 52. ಬಡವನ ಒಂದು ಎಕರೆ ಪಕ್ಕದವನ ಹೊಲದೊಳಗೆ ಕರಗಿ ಹೋಗುತ್ತಿತ್ತು. ಈಗ ಗುಂಟೆಗೊಂದು ಚುಕ್ಕಿ ಬಂದಿರುವುದು ಎಷ್ಟು ದೊಡ್ಡ ಬದಲಾವಣೆ ಎಂಬುದು ಆ ಹಳೆಯ ಚಿತ್ರ ನೋಡಿದವರಿಗೆ ಗೊತ್ತು.

ಮೋಡ ಒಂದು ತೊಡಕು. ಕಾಲುವೆಗೆ ನೀರು ಬಿಡುವ ಜುಲೈ, ಆಗಸ್ಟಿನಲ್ಲೇ ಆಕಾಶ ಮುಚ್ಚಿರುತ್ತದೆ, ಕ್ಯಾಮೆರಾದ ಉಪಗ್ರಹಕ್ಕೆ ಆಗ ಕಾಣುವುದು ಬಿಳಿ ಹತ್ತಿ. ಇದಕ್ಕೆ ಪರಿಹಾರ ರಾಡಾರ್. ತಾನೇ ತರಂಗ ಬಿಟ್ಟು ಮರಳಿ ಬಂದದ್ದನ್ನು ಕೇಳಿಸಿಕೊಳ್ಳುವ ಅದಕ್ಕೆ ಮೋಡವೂ ಇಲ್ಲ, ರಾತ್ರಿಯೂ ಇಲ್ಲ. ನಾಟಿಗೆ ನೀರು ನಿಲ್ಲಿಸಿದ ಗದ್ದೆ ರಾಡಾರಿಗೆ ಕಪ್ಪು, ಪೈರು ಎದ್ದಂತೆ ಬೆಳ್ಳಗಾಗುತ್ತ ಹೋಗುತ್ತದೆ. ಭತ್ತದ ಈ ನಡಿಗೆ ಹತ್ತಿಗೂ ಇಲ್ಲ, ತೊಗರಿಗೂ ಇಲ್ಲ. 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಹೊರಟ ನಿಸಾರ್, ಇಸ್ರೋ ಮತ್ತು ನಾಸಾ ಸೇರಿ ಮಾಡಿದ ರಾಡಾರ್ ಉಪಗ್ರಹ, 12 ಮೀಟರ್ ಅಗಲದ ಆಂಟೆನಾ ಬಿಚ್ಚಿಕೊಂಡು 747 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ಮರಳುತ್ತದೆ. ನೆಲದ ಮೇಲೆ ಅದರ ನೋಟ ಸೆಕೆಂಡಿಗೆ 6.7 ಕಿಲೋಮೀಟರ್ ಓಡುತ್ತದೆ. ಎಡದಂಡೆ ಕಾಲುವೆಯಷ್ಟು ದೂರ ಸಾಗಲು ಅದಕ್ಕೆ 34 ಸೆಕೆಂಡು ಸಾಕು. ಮುನಿರಾಬಾದಿನಲ್ಲಿ ಗೇಟು ಎತ್ತಿದ ಮೇಲೆ ನೀರು ರಾಯಚೂರು ತಾಲ್ಲೂಕಿಗೆ ಬರಲು ಎಷ್ಟು ದಿನ ಎಂಬುದನ್ನು ಕೊನೆ ಭಾಗದವರನ್ನೇ ಕೇಳಬೇಕು, ಬಂದರೆ.

ಇನ್ನೊಂದು ಬಗೆಯ ಉಪಗ್ರಹ ನೀರನ್ನು ನೋಡುವುದೇ ಇಲ್ಲ, ತೂಗುತ್ತದೆ. 2002ರಲ್ಲಿ ಹಾರಿದ ಗ್ರೇಸ್ ಜೋಡಿ ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಒಂದರ ಹಿಂದೆ ಒಂದು ಓಡುತ್ತಿತ್ತು. ಕೆಳಗೆ ನೀರಿನ ಭಾರ ಹೆಚ್ಚಿದ್ದಲ್ಲಿ ಗುರುತ್ವದ ಸೆಳೆತಕ್ಕೆ ಮುಂದಿನದು ತುಸು ಮುನ್ನುಗ್ಗಿ ಅಂತರ ಬದಲಾಗುತ್ತದೆ. ಆ ಬದಲಾವಣೆಯನ್ನು ಮೈಕ್ರಾನ್ ಲೆಕ್ಕದಲ್ಲಿ, ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಸಣ್ಣದಾಗಿ, ಹಿಡಿಯುತ್ತಿತ್ತು. ತುಂಬಿದ ತುಂಗಭದ್ರಾ ಜಲಾಶಯದ ನೀರು 300 ಕೋಟಿ ಟನ್. ಆದರೂ ಗ್ರೇಸಿಗೆ ಅದೊಂದೇ ಬಿಡಿಯಾಗಿ ಸಿಗುತ್ತಿರಲಿಲ್ಲ, ಏಕೆಂದರೆ ಅದರ ಒಂದು ಚುಕ್ಕಿ ಎಂದರೆ ಹೆಚ್ಚುಕಡಿಮೆ ಅರ್ಧ ಕರ್ನಾಟಕ. ಹಾಗಿದ್ದೂ ಅದು ಬಯಲುಮಾಡಿದ ಸಂಗತಿಗಳು ಸಣ್ಣವಲ್ಲ. 2002ರಿಂದ 2008ರ ಆರು ವರ್ಷದಲ್ಲಿ ಪಂಜಾಬ್, ಹರಿಯಾಣ, ರಾಜಸ್ಥಾನಗಳ ಅಂತರ್ಜಲದಲ್ಲಿ 109 ಘನ ಕಿಲೋಮೀಟರ್ ಖಾಲಿಯಾಯಿತೆಂದು 2009ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ನಮ್ಮ ಲೆಕ್ಕಕ್ಕೆ ತಂದರೆ 3,849 ಟಿಎಂಸಿ. ರಾಜ್ಯಗಳು ದಶಕಗಳಿಂದ ಹೊಡೆದಾಡುವ ಕೃಷ್ಣೆಯ 2,060ರ ಹತ್ತಿರಹತ್ತಿರ ಎರಡು ಪಟ್ಟು ನೀರು, ಯಾವ ನ್ಯಾಯಮಂಡಳಿಯ ಮುಂದೂ ಬಾರದೆ, ಬೋರ್‌ವೆಲ್ಲುಗಳಲ್ಲಿ ಎದ್ದು ಹೋಯಿತು. ಟೈಗ್ರಿಸ್–ಯೂಫ್ರೆಟಿಸ್ ಸೀಮೆಯಲ್ಲಿ ತುರ್ಕಿ, ಸಿರಿಯಾ, ಇರಾಕ್, ಇರಾನ್ ಒಬ್ಬರಿಗೊಬ್ಬರು ನೀರಿನ ಅಂಕಿ ಕೊಡುವವರಲ್ಲ. 2003ರಿಂದ 2009ರವರೆಗೆ ಆ ನೆಲ ಕಳೆದುಕೊಂಡ 144 ಘನ ಕಿಲೋಮೀಟರ್ ನೀರನ್ನು ಗ್ರೇಸ್ ಯಾರ ಅಪ್ಪಣೆಯನ್ನೂ ಕೇಳದೆ ತೂಗಿ ಇಟ್ಟಿತು. ಇಂದಿನ 48 ತುಂಗಭದ್ರಾ ಜಲಾಶಯಗಳಷ್ಟು.

ನಮ್ಮ ದೇಶದ ಲೆಕ್ಕವೂ ಆಕಾಶದ ಸಹಾಯದಿಂದ ತಿದ್ದಿಕೊಂಡಿದೆ. ಕೇಂದ್ರ ಜಲ ಆಯೋಗ, ದೂರಸಂವೇದಿ ಕೇಂದ್ರದ ನೆರವಿನಿಂದ, 1985ರಿಂದ 2015ರವರೆಗಿನ ಮಳೆ, ಮಣ್ಣು, ಬೆಳೆ, ಆವಿಯ ಲೆಕ್ಕ ಹಾಕಿ 2019ರಲ್ಲಿ ಹೊರತಂದ ವರದಿಯಲ್ಲಿ ಭಾರತದ ನದಿಗಳ ವಾರ್ಷಿಕ ಸರಾಸರಿ ನೀರು 1,999.20 ಶತಕೋಟಿ ಘನ ಮೀಟರ್, ಕೃಷ್ಣೆಯದು 89.04. ಅಂದರೆ 3,144 ಟಿಎಂಸಿ. 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಹೇಳಿದ ಸರಾಸರಿ 2,578. ಬಚಾವತ್‌ರದು 2,060. ಹಾಗಾದರೆ ಸಾವಿರ ಟಿಎಂಸಿ ಎಲ್ಲಿ ಅಡಗಿತ್ತು ಎಂದು ಯಾರಾದರೂ ವೇದಿಕೆ ಮೇಲೆ ಕೂಗುವ ಮುಂಚೆ ಹೇಳಿಬಿಡಬೇಕು: ಒಂದು ಖಾತ್ರಿ ನೀರು, ಉಳಿದವು ಸರಾಸರಿ. ಕಾಲಾವಧಿ ಬೇರೆ, ವಿಧಾನ ಬೇರೆ. ಮಳೆಗಾಲದ ಪ್ರವಾಹವನ್ನೂ ಬರದ ವರ್ಷವನ್ನೂ ಕೂಡಿಸಿ ಭಾಗಿಸಿದ ಸರಾಸರಿಯಿಂದ ಗದ್ದೆಗೆ ನೀರು ಹಾಯುವುದಿಲ್ಲ. 1901ರಿಂದ 1960ರವರೆಗೆ ಕೃಷ್ಣೆ ಸಮುದ್ರಕ್ಕೆ ವರ್ಷಕ್ಕೆ ಸರಾಸರಿ 57 ಘನ ಕಿಲೋಮೀಟರ್ ನೀರು ಒಯ್ಯುತ್ತಿದ್ದಳು, ಈ ಶತಮಾನದ ಆರಂಭದ ಬರದಲ್ಲಿ ಒಂದೂ ತುಂಬಲಿಲ್ಲ. 2009ರ ಅಕ್ಟೋಬರ್ ಆರಂಭದಲ್ಲಿ ಅದೇ ಕಣಿವೆಯಿಂದ ಶ್ರೀಶೈಲಕ್ಕೆ 25 ಲಕ್ಷ ಕ್ಯೂಸೆಕ್ ನುಗ್ಗಿತು. ಎಡದಂಡೆಯಂಥ 600 ಕಾಲುವೆಗಳು ಒಟ್ಟಿಗೆ ತುಂಬಿ ಹರಿದಷ್ಟು.

ಆಕಾಶದ ಕಣ್ಣನ್ನು ಹೊಗಳುವ ಭರದಲ್ಲಿ ನೆಲದ ಮೇಲಿನ ಒಂದು ರಾತ್ರಿಯನ್ನು ಮರೆಯಬಾರದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದಿಂದ ನೀರು ಹೊರಬಿಟ್ಟು ಮಟ್ಟ ಇಳಿಸಿ, ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ತಾತ್ಕಾಲಿಕ ಗೇಟು ಕೂರಿಸುವವರೆಗೆ ಕೊಪ್ಪಳ, ರಾಯಚೂರು, ಬಳ್ಳಾರಿಯ ರೈತರು ಉಸಿರು ಹಿಡಿದಿದ್ದರು. ನೂರಾರು ಕಿಲೋಮೀಟರ್ ಎತ್ತರದಿಂದ ಗುಂಟೆ ಎಣಿಸುವ ಯಾವ ಯಂತ್ರಕ್ಕೂ ಆ ಸರಪಳಿಯ ಸವೆದ ಕೊಂಡಿ ಕಾಣುವಂತಿರಲಿಲ್ಲ. ಅದನ್ನು ನೋಡಲು ಕೈಯಲ್ಲಿ ಬ್ಯಾಟರಿ ಹಿಡಿದ ಒಬ್ಬ ಮನುಷ್ಯ ಸಾಕು.

ಹಾಗೆಯೇ, ಗುಂಟೆಗೊಂದು ಚುಕ್ಕಿಯ ಚಿತ್ರ ಇದ್ದರೂ ಅದು ಹೈದರಾಬಾದಿನ ಕಂಪ್ಯೂಟರಿನಲ್ಲಿ, ಬೆಂಗಳೂರಿನ ಕಚೇರಿಯಲ್ಲಿ, ಸಂಶೋಧಕರ ಪ್ರಬಂಧದಲ್ಲಿ ಉಳಿದರೆ ಕೊನೆ ಭಾಗಕ್ಕೆ ಲಾಭವಿಲ್ಲ. ಸೆಂಟಿನೆಲ್ ಚಿತ್ರಗಳು ಪುಕ್ಕಟೆ. ನಮ್ಮ ಉಪಗ್ರಹಗಳ ಚಿತ್ರಗಳು ಭೂನಿಧಿ ಜಾಲತಾಣದಲ್ಲಿ ಸಿಗುತ್ತವೆ. ರಾಜ್ಯಕ್ಕೆ ತನ್ನದೇ ದೂರಸಂವೇದಿ ಅನ್ವಯಿಕ ಕೇಂದ್ರವಿದೆ. ಕೃಷಿ ವಿಶ್ವವಿದ್ಯಾಲಯ ರಾಯಚೂರಿನಲ್ಲೇ ಇದೆ. ಪ್ರತಿ ಹಂಗಾಮಿಗೆ ಮುನ್ನ ನೀರಾವರಿ ಸಲಹಾ ಸಮಿತಿ ಕೂತು ಎಷ್ಟು ದಿನ, ಎಷ್ಟು ಕ್ಯೂಸೆಕ್ ಎಂದು ತೀರ್ಮಾನಿಸುತ್ತದಲ್ಲ, ಆ ಸಭೆಯ ಮೇಜಿನ ಮೇಲೆ ಹಿಂದಿನ ಹಂಗಾಮಿನ ನಕ್ಷೆ ಇರಲಿ: ಯಾವ ಉಪಕಾಲುವೆಯ ಕೆಳಗೆ ಎಷ್ಟು ಎಕರೆ ಭತ್ತ, ಅದರಲ್ಲಿ ಅಚ್ಚುಕಟ್ಟಿನೊಳಗಿನದೆಷ್ಟು, ಹೊರಗಿನದೆಷ್ಟು, ಯಾವ ಮೈಲಿಯಿಂದ ಕೆಳಗೆ ನೆಲ ಬಿಸಿಯಾಗಿತ್ತು ಎಂದು ಮೈಲಿವಾರು. ಅದರ ಒಂದು ಪ್ರತಿಯನ್ನು ಮುನಿರಾಬಾದಿನಿಂದ ಗಿಲ್ಲೆಸುಗೂರಿನವರೆಗೆ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ. ರಾಜೋಳಿಬಂಡಾ ಕಾಲುವೆಗೂ ಹೀಗೇ ಮಾಡಿ ಇನ್ನೊಂದು ಪ್ರತಿಯನ್ನು ಗದ್ವಾಲಕ್ಕೂ ಕಳಿಸೋಣ, ನಮ್ಮ ಕಡೆಯದನ್ನು ಮುಚ್ಚಿಡದೆ. ನೀರು ಬಳಕೆದಾರರ ಸಹಕಾರ ಸಂಘಗಳು ಮುಂದಿನ ಸಲಹಾ ಸಮಿತಿ ಸಭೆಗೆ ಮನವಿ ಬರೆಯುವಾಗ ಇನ್ನಷ್ಟು ಕ್ಯೂಸೆಕ್ ಕೊಡಿ ಎಂದು ಕೇಳುವ ಮೊದಲು ಈ ನಕ್ಷೆ ಕೊಡಿ ಎಂದು ಕೇಳಲಿ.